ಜೀವಕೋಶದ ವಂಶಾವಳಿ

ಗೃಹಸ್ಥರಾದ ವಾಚಕರಲ್ಲಿ ಅಕ್ಕಿಯ ಹುಳುವನ್ನು ಕಾಣದವರು ಯಾರೂ ಇರಲಾರರು. ಕಳೆದ ಬೇಸಗೆಯಲ್ಲಿ ಹೊಸಹಳ್ಳಿಯ ನಮ್ಮ ಮನೆಯಲ್ಲಿ, ಬಿಗಿಯಾಗಿ ಮುಚ್ಚಿಟ್ಟಿದ್ದ ಡಬ್ಬಿಯ ಅಕ್ಕಿಯನ್ನು ಮೊರಕ್ಕೆ ಸುರಿದಾಗ, ಸೊಂಡಿಲುಳ್ಳ ಸಣ್ಣ ಹುಳುಗಳು ನಾಲ್ಕು ಕಡೆಗೂ ಹರಿದುವು. ಏಳನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು, “ತಾತ, ಮುಚ್ಚಿದ ಡಬ್ಬಿಯೊಳಕ್ಕೆ ಇವು ಬಂದದ್ದು ಹೇಗೆ?” ಎಂದು ಕೇಳಿದಳು. ಅಕ್ಕಿಯನ್ನು ಆರಿಸುತ್ತಿದ್ದ ನಮ್ಮ ಮನೆಯವರು, “ಬರುವುದೆಲ್ಲಿಂದ ಮಗು, ಸೆಕೆಗೆ ಅಕ್ಕಿಯಲ್ಲೇ ಹುಟ್ಟಿಕೊಳ್ಳುತ್ತವೆ” ಎಂದರು.

ಇದು ಹಗುರವಾಗಿ ತಳ್ಳಿಬಿಡತಕ್ಕ ಮಾತಲ್ಲ. ಗ್ರೀಸಿನ ಅರಿಸ್ಟಾಟಲನೂ ಕೆಲವು ಕೀಟಗಳು ತಾಯಿತಂದೆಗಳಿಲ್ಲದೆ ಕೊಳೆತ ವಸ್ತುಗಳಿಂದ ಹುಟ್ಟುವುವೆಂದು ನಂಬಿದ್ದನು. ನಮ್ಮಲ್ಲಿಯೂ ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜಗಳೆಂದು ವಿಂಗಡಿಸುವುದುಂಟು. ಸೊಳ್ಳೆ, ಹೇನು, ನೊಣ, ತಿಗಣೆಗಳು ಸ್ವೇದಜಗಳೆಂದು, ಎಂದರೆ ಬೆವರು ತೇವಗಳಿಂದ ಹುಟ್ಟಿದುವೆಂದು, ಮನುಸ್ಮೃತಿಯು ಹೇಳುವುದು. ಆದರೆ ಛಾಂದೋಗ್ಯೋಪನಿಷತ್ತು ಮೂರು ಬಗೆಗಳನ್ನು ಮಾತ್ರ ಎಣಿಸಿದೆ. ಸ್ವೇದಜವು ಉಳಿದವುಗಳಲ್ಲಿಯೇ ಅಡಗುವುದೆಂದು ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ತಿಳಿಸಿರುವರು. ಈ ಪದಗಳನ್ನು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನನಗೆ, ಈ ಸಲ ಪುಸ್ತಕವನ್ನು ತೆರೆಯುವುದಕ್ಕಿಂತ ಪರೀಕ್ಷಿಸಿ ನೋಡುವುದೇ ಮೇಲೆಂದು ತೋರಿತು.

ಅದೇ ಅಕ್ಕಿಯಿಂದ ಹುಳುಗಳನ್ನು ಒಂದೂ ಬಿಡದೆ ಆರಿಸಿ ತೆಗೆದು, ಅಕ್ಕಿಯನ್ನು ಎರಡು ಪಾಲು ಮಾಡಿದೆವು. ಒಂದು ಪಾಲನ್ನು ಹಾಗೆಯೇ ಗಾಜಿನ ಸೀಸೆಗೆ ತುಂಬಿದೆವು; ಇನ್ನೊಂದನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಆರಿಸಿ, ಅಂಥದೇ ಸೀಸೆಗೆ ತುಂಬಿದೆವು. ಎರಡರ ಬಾಯಿಗೂ ಒತ್ತಾದ ಬಟ್ಟೆಯನ್ನು ಬಿಗಿದು ಗೋಡೆಯ ಗೂಡಿನಲ್ಲಿಟ್ಟೆವು. ಫಲವನ್ನು ಕಾಯುತ್ತಿರುವಾಗ ಮಗುವಿಗೆ ನಾನು ಹೇಳಿದ ಪಾಠದ ಸಾರವಿದು.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ಸೀಸೆಯ ಬಿರಡೆಗೆ ಉಪಯೋಗಿಸುವ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೇನುಗೂಡಿನಂತಿದ್ದ ಕೋಣೆಗಳನ್ನು ಕಂಡು, ಅವುಗಳಿಗೆ ‘ಸೆಲ್’ ಎಂದು ಹೆಸರಿಟ್ಟನು. ನಾವು ಕೋಶವೆನ್ನುವುದು ಇದನ್ನೇ. ಅವನು ಕಂಡದ್ದು ಜೀವವಳಿದ ಗೋಡೆಗಳನ್ನು ಮಾತ್ರ. 1838ರಲ್ಲಿ ಷ್ಲೈಡನ್ ಎಂಬ ಜರ್ಮನ್ ಪಂಡಿತನು ಸಸ್ಯಗಳೆಲ್ಲವೂ ಕೋಶಗಳಿಂದಾದುವೆಂದೂ, 1839ರಲ್ಲಿ ಷ್ವಾನ್ ಎಂಬವನು ಪ್ರಾಣಿಗಳೂ ಅಂತೆಯೇ ಎಂದೂ ಸಾರಿದರು. ಆದರೆ ಹೊಸ ಕೋಶವು ರಸದಲ್ಲಿ ಹರಳುಗಟ್ಟುವಂತೆ ತಾನಾಗಿ ಮೂಡುವುದೆಂದು ಇವರು ಭಾವಿಸಿದ್ದರು. ಸ್ವೇದಜದ ಭಾವನೆ ವಿದ್ವಾಂಸರನ್ನೂ ಬಿಟ್ಟಿರಲಿಲ್ಲ! ರೆಮಾಕ್ ಎಂಬವನು ಕೋಶವು ಇಬ್ಭಾಗವಾಗುವುದನ್ನು ಕಂಡು ಈ ಮಾತನ್ನು ಅಲ್ಲಗಳೆದನು. ಕೋಶವು ಕೋಶದಿಂದಲೇ ಹುಟ್ಟುವುದೆಂಬ ತತ್ತ್ವವನ್ನು 1855ರಲ್ಲಿ ವಿರ್ಕೋ ಎಂಬ ವೈದ್ಯನು ಲೋಕಪ್ರಸಿದ್ಧಗೊಳಿಸಿದನು.

ಹೀಗೆ ಸಿದ್ಧಾಂತದ ಅಂಗಗಳು ಮೂರು: ಸಕಲ ಜೀವಿಗಳೂ ಒಂದು ಅಥವಾ ಅನೇಕ ಕೋಶಗಳಿಂದಾದುವು, ಜೀವದ ರಚನೆಗೂ ವ್ಯಾಪಾರಕ್ಕೂ ಕೋಶವೇ ಮೂಲಘಟಕ, ಪ್ರತಿಯೊಂದು ಕೋಶಕ್ಕೂ ತಾಯಿಕೋಶವೊಂದು ಉಂಟು.

ಅಮೀಬದಂಥ ಏಕಕೋಶಜೀವಿಯು ಸ್ವಯಂಪಾಕದ ಒಂಟಿ ಬ್ರಹ್ಮಚಾರಿಯಂತೆ. ಉಣ್ಣುವುದು, ಉಸಿರಾಡುವುದು, ಚಲಿಸುವುದು ಎಲ್ಲವೂ ಆ ಒಂದೇ ಕೋಶದ ಹೊಣೆ. ನಮ್ಮ ದೇಹವಾದರೋ ದೊಡ್ಡ ಅವಿಭಕ್ತ ಕುಟುಂಬ. ಕೋಶಗಳ ಸಂಖ್ಯೆ ಸುಮಾರು 30 ಲಕ್ಷ ಕೋಟಿ. ಇಲ್ಲಿ ಕೆಲಸಗಳು ಹಂಚಿಹೋಗಿವೆ. ಒಂದು ಬಗೆಯ ಕೆಲಸಕ್ಕಾಗಿ ಕೂಡಿದ ಕೋಶಸಮೂಹವೇ ಅಂಗಾಂಶ. ಜಠರದಲ್ಲಿ ಸ್ನಾಯುವಿನ ಅಂಗಾಂಶವು ಅನ್ನವನ್ನು ಕಡೆಯುವುದು, ಒಳಪದರದ ಅಂಗಾಂಶವು ಪಾಚಕರಸವನ್ನು ಸುರಿಸುವುದು. ಇವೆಲ್ಲ ಸೇರಿ ಜಠರವೆಂಬ ಅಂಗವಾಯಿತು. ಬಾಯಿ, ಜಠರ, ಕರುಳು, ಯಕೃತ್ತುಗಳು ಕೂಡಿ ಜೀರ್ಣಾಂಗವ್ಯೂಹ. ಇಂಥ ವ್ಯೂಹಗಳು ಒಂದಾಗಿ ನಡೆದರೆ ಜೀವಿ. ಕೆಲವು ಕೋಶಗಳು ಈ ಕಟ್ಟನ್ನು ಮೀರಿ ಮಿತಿಯಿಲ್ಲದೆ ಒಡೆದು ಬೆಳೆಯತೊಡಗಿದರೆ ಅದೇ ಕ್ಯಾನ್ಸರ್ ವ್ಯಾಧಿ.

ಇಷ್ಟು ದೊಡ್ಡ ಸಂಸಾರಕ್ಕೂ ಆದಿಪುರುಷನು ಒಂದೇ ಕೋಶ. ಆ ಒಂದರಿಂದ ಸಸ್ಯವು ಹೇಗೆ ರೂಪುಗೊಳ್ಳುವುದೆಂಬುದನ್ನು ಹಂತಹಂತವಾಗಿ ಪರಿಶೀಲಿಸಿದವರಲ್ಲಿ ನಮ್ಮ ಬೆಂಗಳೂರಿನವರೊಬ್ಬರುಂಟು. ಡಿ.ವಿ. ಗುಂಡಪ್ಪನವರ ಪುತ್ರರೂ, ‘ಹಸುರು ಹೊನ್ನು’ ಗ್ರಂಥದ ಕರ್ತೃಗಳೂ ಆದ ಬಿ.ಜಿ.ಎಲ್. ಸ್ವಾಮಿಗಳು (1918–1980) ಆರ್ಕಿಡ್ ಗಿಡಗಳ ಭ್ರೂಣವನ್ನು ಕುರಿತು ವಿಶೇಷವಾಗಿ ಸಂಶೋಧಿಸಿದರು. ಮಲೆನಾಡಿನ ಸೀತಾಳೆದಂಡೆಯು ಈ ಜಾತಿಯದು. ಆರ್ಕಿಡ್ಡಿನ ಬೀಜವು ಧೂಳಿನಷ್ಟು ಸಣ್ಣದು. ಅದರ ಭ್ರೂಣದಲ್ಲಿ ಸಾಮಾನ್ಯವಾಗಿ ಬೇರು, ಎಲೆ ಎಂಬ ವಿಭಾಗವೇ ಇರದು, ಕೆಲವೇ ಕೋಶಗಳ ಒಂದು ಮುದ್ದೆ. ಅಷ್ಟರಿಂದಲೇ ಮರದ ಮೇಲೆ ಹೂವಿನ ದಂಡೆ ತೂಗುವುದು.

ಇನ್ನು ನಮ್ಮ ಸೀಸೆಗಳ ವಿಷಯ. ಒಂದೂವರೆ ತಿಂಗಳು ಕಳೆದ ಮೇಲೆ ನೋಡಲಾಗಿ, ಹುರಿಯದ ಅಕ್ಕಿಯಲ್ಲಿ ಹುಳುಗಳು ಹರಿದಾಡುತ್ತಿದ್ದುವು. ಹುರಿದ ಅಕ್ಕಿಯಲ್ಲಿ ಒಂದೂ ಇಲ್ಲ. ಸೆಕೆಯೇ ಹುಳುವಿನ ತಾಯಾಗಿದ್ದರೆ ಎರಡು ಸೀಸೆಗಳಿಗೂ ಸೆಕೆ ಒಂದೇ ಆಗಿದ್ದಿತಲ್ಲ! ನಿಜವೇನೆಂದರೆ, ಹೆಣ್ಣುಹುಳು ತನ್ನ ಸೊಂಡಿಲಿನಿಂದ ಕಾಳನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ರಂಧ್ರವನ್ನು ಅಂಟಿನಿಂದ ಮುಚ್ಚಿಬಿಡುವುದು. ಮರಿಯು ಕಾಳಿನ ಒಳಗಡೆಯೇ ತಿಂದು ಬೆಳೆದು, ಪೂರ್ಣಾಕಾರದ ಹುಳುವಾಗಿ ಹೊರಬರುವುದು. ನೋಡುವವರಿಗೆ ಅಕ್ಕಿಯೇ ಹೆತ್ತಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆ ಮೊಟ್ಟೆಯೂ ಆದಿಯಲ್ಲಿ ಒಂದೇ ಕೋಶ. ಬೆಂಕಿಯ ಶಾಖವು ಆ ವಂಶವನ್ನು ಕಾಳಿನೊಳಗೇ ಕಡಿದುಹಾಕಿತು.

ಇದರಿಂದ ಮನೆಗೇನು ಪ್ರಯೋಜನವೆಂದು ಕೇಳುವವರಿಗೆ ಸೊಳ್ಳೆಯ ಉದಾಹರಣೆ ಸಾಕು. ಅದು ಸ್ವೇದಜವಾದರೆ ನಾವು ಮಾಡತಕ್ಕದ್ದೇನೂ ಇಲ್ಲ. ಅಂಡಜವಾದರೆ ಉಪಾಯ ನಮ್ಮ ಕೈಯಲ್ಲಿದೆ. ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಮನೆಯ ತೊಟ್ಟಿ, ಬಕೆಟ್ಟುಗಳಲ್ಲಿ ನಿಂತ ನೀರಿನ ಅಂಚಿಗೆ ಮೊಟ್ಟೆಯಿಡುವುದು. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರಬಲ್ಲದು. ಆದಕಾರಣ ನೀರನ್ನು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಅಂಚನ್ನು ಉಜ್ಜಿ ತೊಳೆದು, ಮುಚ್ಚಿಡಬೇಕು.

ನಮ್ಮ ಮನೆಯವರು ಎರಡು ಸೀಸೆಗಳನ್ನೂ ಬಹಳ ಹೊತ್ತು ನೋಡಿ ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಬಚ್ಚಲಿನ ತೊಟ್ಟಿಯನ್ನು ಬರಿದುಮಾಡಿ, ಅದರ ಅಂಚನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದ ಶಬ್ದವು ನನಗೆ ಕೇಳಿಸಿತು.