ಮರವಿಲ್ಲದ ಬಯಲಿನ ರೈಲೂರು

ಆಸ್ಟ್ರೇಲಿಯದ ದಕ್ಷಿಣದಲ್ಲಿ ನಲ್ಲರ್‌ಬಾರ್ ಎಂಬ ವಿಶಾಲವಾದ ಸುಣ್ಣಕಲ್ಲಿನ ಬಯಲುಂಟು. ಲ್ಯಾಟಿನ್ ಮೂಲದ ಆ ಹೆಸರಿಗೆ ‘ಮರವಿಲ್ಲದ್ದು’ ಎಂದೇ ಅರ್ಥ. ಈ ಮರುಭೂಮಿಯಲ್ಲಿ ರೈಲುಹಳಿಯು ಒಂದು ತಿರುವೂ ಇಲ್ಲದೆ ೪೭೮ ಕಿಲೋಮೀಟರು ಸಾಗುತ್ತದೆ. ಇಷ್ಟು ದೂರ ನೆಟ್ಟಗೆ ಹೋಗುವ ರೈಲುದಾರಿ ಜಗತ್ತಿನಲ್ಲಿ ಮತ್ತೊಂದಿಲ್ಲ. ಈ ಸರಳರೇಖೆಯ ಮೇಲೊಂದು ಚುಕ್ಕೆಯಂತೆ ಕುಕ್ ಎಂಬ ಊರಿದೆ.

ಸಿಡ್ನಿಯಿಂದ ಪರ್ತ್‌ವರೆಗೆ ೪೩೫೨ ಕಿಲೋಮೀಟರು ಓಡುವ ‘ಇಂಡಿಯನ್ ಪೆಸಿಫಿಕ್’ ರೈಲಿನಿಂದ ಇಲ್ಲಿ ಇಳಿದ ಪ್ರಯಾಣಿಕನಿಗೆ ಮೊದಲು ಎದುರಾಗುವುದು ಮೌನ. ಅಲ್ಲೊಂದು ಮುಚ್ಚಿದ ಶಾಲೆ, ಇಲ್ಲೊಂದಿಷ್ಟು ಬರಿದಾದ ಮನೆಗಳು. ಅಪರಾಧಿಗಳನ್ನು ಕೂಡಿಹಾಕುತ್ತಿದ್ದ ಎರಡು ಪುಟ್ಟ ಕೋಣೆಗಳೂ ಹಾಗೆಯೇ ನಿಂತಿವೆ.

೧೯೧೭ರಲ್ಲಿ ರೈಲುದಾರಿ ಪೂರ್ಣಗೊಂಡಾಗ ಈ ಊರು ಹುಟ್ಟಿತು. ಹಿಂದೆ ಪ್ರಧಾನಿಯಾಗಿದ್ದ ಜೋಸೆಫ್ ಕುಕ್ ಅವರ ಹೆಸರನ್ನೇ ಇದಕ್ಕಿಟ್ಟರು. ಉಗಿಬಂಡಿಗಳಿಗೆ ನೀರು, ಕಲ್ಲಿದ್ದಲು ಬೇಕು; ಹಳಿಗಳನ್ನು ನೋಡಿಕೊಳ್ಳಲು ಆಳುಗಳು ಬೇಕು. ಆಳುಗಳೊಡನೆ ಸಂಸಾರಗಳು ಬಂದವು. ಶಾಲೆ, ಆಸ್ಪತ್ರೆ, ಈಜುಕೊಳ, ಹುಲ್ಲಿಲ್ಲದ ಗಾಲ್ಫ್ ಬಯಲು, ಎಲ್ಲವೂ ಆದವು. ಊರಿನ ಉಚ್ಛ್ರಾಯಕಾಲದಲ್ಲಿ ಸುಮಾರು ಇನ್ನೂರು ಜನರಿದ್ದರು.

ಅವರ ಬಾಳಿಗೆಲ್ಲ ಆಧಾರ ‘ಟೀ ಅಂಡ್ ಶುಗರ್’ ಎಂಬ ಗಾಡಿ. ದಿನಸಿ, ಮಾಂಸ, ಸಂಬಳದ ಹಣ, ಕಡೆಗೆ ಕುಡಿಯುವ ನೀರು ಕೂಡ ಅದರಲ್ಲಿಯೇ ಬರುತ್ತಿತ್ತು. ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳಿಗೆ ಉಡುಗೊರೆ ಹೊತ್ತ ಕ್ರಿಸ್‌ಮಸ್ ತಾತನೂ ಅದೇ ಗಾಡಿಯಿಂದ ಇಳಿಯುತ್ತಿದ್ದನು!

ಊರಿನವರಿಗೆ ವಿನೋದಬುದ್ಧಿಗೂ ಕೊರತೆಯಿರಲಿಲ್ಲ. ಆಸ್ಟ್ರೇಲಿಯದ ಆಡುಮಾತಿನಲ್ಲಿ ‘ಕ್ರೂಕ್’ ಎಂದರೆ ಕಾಯಿಲೆ ಬಿದ್ದವನು. ‘ಕ್ರೂಕ್ ಆದರೆ ಕುಕ್‌ಗೆ ಬನ್ನಿ’ ಎಂದು ಅವರು ಆಸ್ಪತ್ರೆಯ ಪರವಾಗಿ ಫಲಕ ಬರೆಸಿದ್ದರು. ನಗುವಿನ ಹಿಂದೆ ಆಸ್ಪತ್ರೆ ಉಳಿಯಲೆಂಬ ಹಂಬಲವಿತ್ತು.

ಆಸ್ಪತ್ರೆ ಉಳಿಯಲಿಲ್ಲ. ಡೀಸೆಲ್ ಎಂಜಿನ್ನುಗಳಿಗೆ ಪದೇ ಪದೇ ನೀರು ಬೇಕಾಗಲಿಲ್ಲ. ಕಾಂಕ್ರೀಟಿನ ಸ್ಲೀಪರುಗಳು ಬಂದ ಮೇಲೆ ಹಳಿಗಳಿಗೆ ಅಷ್ಟೊಂದು ಆಳುಗಳೂ ಬೇಕಾಗಲಿಲ್ಲ. ೧೯೯೬ರಲ್ಲಿ ‘ಟೀ ಅಂಡ್ ಶುಗರ್’ ನಿಂತಿತು. ೧೯೯೭ರಲ್ಲಿ ರೈಲ್ವೆಯು ಖಾಸಗಿಯವರ ಪಾಲಾದಾಗ ಊರೂ ಮುಚ್ಚಿತು. ಎಂಜಿನ್ನುಗಳಿಗೆ ಎಣ್ಣೆ ಒದಗಿಸಲು, ಚಾಲಕರು ತಂಗುವ ಮನೆಗಳನ್ನು ನೋಡಿಕೊಳ್ಳಲು ಬೆರಳೆಣಿಕೆಯ ಮಂದಿ ಮಾತ್ರ ಉಳಿದರು.

ಬರಗಾಲಕ್ಕೆ, ಪ್ರವಾಹಕ್ಕೆ ತುತ್ತಾಗಿ ಹಾಳಾದ ಊರುಗಳು ಹಲವು. ಕುಕ್‌ಗೆ ಅಂತಹ ವಿಪತ್ತೇನೂ ಬರಲಿಲ್ಲ. ಅದನ್ನು ಹುಟ್ಟಿಸಿದ ಹಳಿಯ ಮೇಲೆ ರೈಲುಗಳು ಇಂದಿಗೂ ಓಡುತ್ತಿವೆ. ಅವಕ್ಕೆ ಊರಿನ ಅಗತ್ಯ ಮಾತ್ರ ತೀರಿತು. ಆದರೂ ಅಲ್ಲಿ ಬಾಳಿದವರ ಒಂದು ಗುರುತು ಉಳಿದಿದೆ: ಮರವಿಲ್ಲದ ಆ ಬಯಲಿನಲ್ಲಿ, ಬಾಗಿಲಿಕ್ಕಿದ ಮನೆಗಳ ನಡುವೆ, ನೆಟ್ಟು ಬೆಳೆಸಿದ ಕೆಲವು ಮರಗಳು.