ಡೊಂಬಿವಲಿಯ ಓದುಗ ಮತ್ತು ‘ಶಿಕಾರಿ’

ಕೃತಿಯ ಅರ್ಥವು ಪಠ್ಯದೊಳಗೇ ಮುಗಿಯುವುದಿಲ್ಲ. ಓದುಗನ ಬದುಕು ಅದನ್ನು ಪೂರೈಸುತ್ತದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದಕ್ಕೆ ಸಮರ್ಥ ನಿದರ್ಶನ. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನು ಅಸ್ಪಷ್ಟ ಆರೋಪಗಳ ಮೇಲೆ ಅಮಾನತಿಗೊಳಗಾಗುತ್ತಾನೆ. ನಮ್ಮ ವಿಮರ್ಶೆ ಇಲ್ಲಿ ಬಹುಮಟ್ಟಿಗೆ ಅಸ್ತಿತ್ವದ ಆತಂಕವನ್ನು ಗುರುತಿಸಿತು. ಆದರೆ ಥಾಣೆಯಿಂದ ಲೋಕಲ್ ಗಾಡಿಯಲ್ಲಿ ನಿಂತು ಬಂದು ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಯುವ ಕನ್ನಡಿಗನಿಗೆ ಅಮಾನತು ರೂಪಕವಲ್ಲ; ಮನೆಯ ಕಂತು, ಮಕ್ಕಳ ಶಾಲೆ, ಊರಿಗೆ ಕಳುಹಿಸುವ ಹಣ ಎಲ್ಲವೂ ಅಂತಹ ಒಂದು ಪತ್ರದಿಂದ ಅಲುಗಾಡುತ್ತವೆ. ಇದನ್ನು ಅಪಕ್ವ ಓದೆಂದು ತಳ್ಳಿಹಾಕುವುದು ಸಲ್ಲದು. ಕಲಿಯದವರ ಕಾವ್ಯವಿವೇಕವನ್ನು 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಮನ್ನಿಸಿದೆ, ಆ ಉದಾರತೆ ನಮ್ಮಲ್ಲಿ ಕುಗ್ಗಿದೆಯೆಂದು ತೋರುತ್ತದೆ. ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯಲ್ಲೇ ದುಡಿದ ಚಿತ್ತಾಲರು ಇಂತಹ ಓದುಗನ ಉದ್ಯಮಲೋಕವನ್ನು ಒಳಗಿನಿಂದ ಬಲ್ಲವರಾಗಿದ್ದರು.