ಮೋಟರ್‌ಹೋಮಿನ ಓಲಾಟವೂ ಅದರ ಸುಲಭೋಪಾಯವೂ

ಅಮೆರಿಕದ ವಯೋಮಿಂಗ್ ಸಂಸ್ಥಾನವನ್ನು ಪೂರ್ವಪಶ್ಚಿಮವಾಗಿ ಹಾಯ್ದುಹೋಗುವ 80ನೆಯ ಅಂತರರಾಜ್ಯ ಹೆದ್ದಾರಿಯು ಗಾಳಿಗೆ ಹೆಸರಾದುದು. ಮರಗಳ ಮರೆಯಿಲ್ಲದ ಆ ಎತ್ತರದ ಬಯಲಿನಲ್ಲಿ, ಮಲಗುವ ಮಂಚ, ಅಡುಗೆಯ ಕಟ್ಟೆ, ಸ್ನಾನದ ಕೋಣೆ, ನೀರಿನ ತೊಟ್ಟಿ ಇವೆಲ್ಲವನ್ನೂ ಒಂದೇ ಒಡಲಿನಲ್ಲಿ ಹೊತ್ತು ಸಾಗುವ ಮೋಟರ್‌ಹೋಮಿನ ಚಾಲಕನು, ದೊಡ್ಡ ಟ್ರಕ್ಕೊಂದು ತನ್ನ ಎಡಗಡೆಯಿಂದ ಮುಂದಕ್ಕೆ ಹಾಯಲು ಬರುತ್ತಿರುವುದನ್ನು ಕನ್ನಡಿಯಲ್ಲಿ ಕಂಡೊಡನೆ ಸ್ಟೀರಿಂಗನ್ನು ಎರಡು ಕೈಗಳಿಂದಲೂ ಬಿಗಿಹಿಡಿಯುತ್ತಾನೆ. ಟ್ರಕ್ಕಿನ ಮುಖವು ನೂಕಿಕೊಂಡು ಬರುವ ಗಾಳಿಯ ಒತ್ತು ಮೊದಲು ಅವನ ವಾಹನದ ಹಿಂಭಾಗಕ್ಕೆ ತಾಕಿ ಅದನ್ನು ಬಲಕ್ಕೆ ಸರಿಸುತ್ತದೆ. ಹಿಂಭಾಗವು ಬಲಕ್ಕೆ ಸರಿದಾಗ ಮುಂಭಾಗವು ಎಡಕ್ಕೆ, ಎಂದರೆ ಟ್ರಕ್ಕಿನ ಕಡೆಗೇ, ತಿರುಗುತ್ತದೆ. ಅದನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಅದೇ ಒತ್ತು ಮುಂದೆ ಬಂದು ಮೂತಿಯನ್ನು ಬಲಕ್ಕೆ ತಳ್ಳುತ್ತದೆ. ಹೀಗೆ ಎಡಬಲಗಳಿಗೆ ತಿದ್ದುತ್ತ ತಿದ್ದುತ್ತ ಸಂಜೆಯ ವೇಳೆಗೆ ಚಾಲಕನ ಭುಜಗಳು ಸೋತುಹೋಗಿರುತ್ತವೆ. ವಿಶ್ರಾಂತಿಗಾಗಿ ಕೊಂಡ ವಾಹನವೇ ಶ್ರಮದ ಮೂಲವಾಗುವುದು ವಿಷಾದಕರವಾದ ಸಂಗತಿಯಷ್ಟೇ ಅಲ್ಲ, ದಣಿದ ಚಾಲಕನ ಕೈಯಲ್ಲಿ ಹತ್ತು ಟನ್ ಭಾರವಿರುವಾಗ ಅದು ಅಪಾಯವೂ ಆಗಿರುತ್ತದೆ.

ಈ ತೊಂದರೆಗೆ ಪೇಟೆಯಲ್ಲಿ ದೊರೆಯುವ ಔಷಧಗಳಿಗೆ ಕೊರತೆಯಿಲ್ಲ. ಸಾವಿರಾರು ಡಾಲರುಗಳನ್ನು ತೆತ್ತು ವಾಹನದ ಅಡಿಭಾಗವನ್ನೆಲ್ಲ ಹೊಸ ಸಾಮಗ್ರಿಯಿಂದ ತುಂಬಿಸುವವರೂ ಉಂಟು. ಆದರೆ ವಾಹನವು ಏತಕ್ಕಾಗಿ ಓಲಾಡುತ್ತದೆ ಎಂಬುದನ್ನು ಮಾಲೀಕನು ಸಾವಧಾನವಾಗಿ ಅರಿತುಕೊಂಡನಾದರೆ, ಕೊಳ್ಳಬೇಕಾದ ವಸ್ತುಗಳಿಗಿಂತ ಮೊದಲು ಮಾಡಬೇಕಾದ ಕೆಲಸಗಳು ಅವನಿಗೆ ಕಾಣಿಸುತ್ತವೆ, ಮತ್ತು ಆ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹಣವೇ ಬೇಕಾಗುವುದಿಲ್ಲ.

ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬಾಗೊ ಸಂಸ್ಥೆಯು 1966ರಲ್ಲಿ ತನ್ನ ಮೊದಲ ಮೋಟರ್‌ಹೋಮನ್ನು ಹೊರತಂದಂದಿನಿಂದ ಇಂದಿನವರೆಗೂ ಈ ಜಾತಿಯ ವಾಹನಗಳ ರಚನೆಯಲ್ಲಿ ಒಂದು ದ್ವೈತವು ಉಳಿದುಕೊಂಡು ಬಂದಿದೆ: ಕೆಳಗಿನ ಚಾಸಿಯನ್ನು ಒಬ್ಬರು ಮಾಡುತ್ತಾರೆ, ಮೇಲಿನ ಮನೆಯನ್ನು ಮತ್ತೊಬ್ಬರು ಕಟ್ಟುತ್ತಾರೆ. ಪೆಟ್ರೋಲಿನಿಂದ ಓಡುವ ದೊಡ್ಡ ಮೋಟರ್‌ಹೋಮುಗಳಲ್ಲಿ ಬಹುಸಂಖ್ಯೆಯವು ಫೋರ್ಡ್ ಕಂಪನಿಯ ಎಫ್-53 ಎಂಬ ಚಾಸಿಯ ಮೇಲೆ ನಿಂತಿವೆ. ಅದು ಕುಲದಿಂದ ಲಾರಿಯೇ. ಉದ್ದನೆಯ ಉಕ್ಕಿನ ಚೌಕಟ್ಟು, ಮುಂದೆಯೂ ಹಿಂದೆಯೂ ಅಖಂಡವಾದ ಅಚ್ಚು, ನಾಲ್ಕು ಮೂಲೆಗಳಲ್ಲಿಯೂ ನಮ್ಮ ಲಾರಿಗಳಲ್ಲಿರುವಂಥ ಕಮಾನು ಪಟ್ಟಿಗಳು. ಅದರ ಮಧ್ಯಮ ಶ್ರೇಣಿಯೊಂದರ ಪೂರ್ಣಭಾರದ ಮಿತಿ 22,000 ಪೌಂಡುಗಳು, ಎಂದರೆ ಸುಮಾರು ಹತ್ತು ಟನ್ನುಗಳು. ಇದರ ಮೇಲೆ ಎಂಟೂವರೆ ಅಡಿ ಅಗಲದ, ಹನ್ನೆರಡು ಅಡಿಯಷ್ಟು ಎತ್ತರದ, ಚಪ್ಪಟೆ ಗೋಡೆಗಳ ಪೆಟ್ಟಿಗೆಯೊಂದನ್ನು ಕೂಡಿಸಿ, ಮಾಡಿನ ಮೇಲೆ ಹವಾನಿಯಂತ್ರಕಗಳನ್ನು ಇರಿಸಿದರೆ, ನೆತ್ತಿಯವರೆಗೆ ಹುಲ್ಲು ಹೇರಿದ ಎತ್ತಿನ ಗಾಡಿಯು ಹೊಲದ ಬದುವನ್ನು ದಾಟುವಾಗ ಹೇಗೆ ತೂಗಾಡುವುದೋ ಹಾಗೆ ಇದೂ ತೂಗಾಡುವುದರಲ್ಲಿ ಆಶ್ಚರ್ಯವೇನು?

ಓಲಾಟವು ಓಲಾಟವಾಗಿಯೇ ನಿಲ್ಲುವುದಾಗಿದ್ದರೆ ಸಹಿಸಬಹುದಾಗಿತ್ತು. ಆದರೆ ಒಡಲು ಒಂದು ಮಗ್ಗುಲಿಗೆ ವಾಲಿದಾಗ ಆ ಬದಿಯ ಕಮಾನು ಪಟ್ಟಿ ಅದುಮಿಕೊಂಡು ಚಪ್ಪಟೆಯಾಗುತ್ತದೆ, ಇನ್ನೊಂದು ಬದಿಯದು ಬಿಚ್ಚಿಕೊಂಡು ಮತ್ತಷ್ಟು ಬಾಗುತ್ತದೆ. ಪಟ್ಟಿಯ ಒಂದು ತುದಿ ಚೌಕಟ್ಟಿಗೆ ಸ್ಥಿರವಾಗಿ ಕೂಡಿರುವುದರಿಂದ ಈ ಅದುಮು ಬಿಚ್ಚುಗಳ ಜೊತೆಯಲ್ಲಿ ಅಚ್ಚು ಒಂದು ಬದಿಯಲ್ಲಿ ಎಳೆಯಷ್ಟು ಮುಂದಕ್ಕೂ ಇನ್ನೊಂದು ಬದಿಯಲ್ಲಿ ಎಳೆಯಷ್ಟು ಹಿಂದಕ್ಕೂ ಚಲಿಸಿ ಓರೆಯಾಗುತ್ತದೆ. ಅಚ್ಚು ಓರೆಯಾಯಿತೆಂದರೆ ಚಕ್ರಗಳ ದಿಕ್ಕೇ ಬದಲಾಯಿತೆಂದು ಅರ್ಥ. ಚಾಲಕನು ಸ್ಟೀರಿಂಗನ್ನು ಮುಟ್ಟದಿದ್ದರೂ ವಾಹನವು ತಾನಾಗಿ ತಿರುಗಲು ತೊಡಗುತ್ತದೆ. ಹೆದ್ದಾರಿಯಲ್ಲಿ ಮೋಟರ್‌ಹೋಮು ಅಲೆದಾಡುವುದಕ್ಕೆ ಇರುವ ಕಾರಣಗಳಲ್ಲಿ ಇದು ಮುಖ್ಯವಾದುದು, ಮತ್ತು ವಾಲುವಿಕೆಯನ್ನು ಕಡಿಮೆಮಾಡಿದರೆ ಅಲೆದಾಟವೂ ಏಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಉತ್ತರವೂ ಇದರಲ್ಲಿಯೇ ಇದೆ.

ಆದರೂ ಸ್ಪ್ಯಾನರಿಗೆ ಕೈಹಾಕುವ ಮೊದಲು ವಾಹನವನ್ನು ತೂಗಿಸಬೇಕು. ಅಮೆರಿಕದ ಹೆದ್ದಾರಿಗಳಲ್ಲಿ ಟ್ರಕ್ಕುಗಳು ತಂಗುವ ನಿಲ್ದಾಣಗಳಲ್ಲಿ ಹಲವೆಡೆ ವೇಬ್ರಿಜ್‌ಗಳಿದ್ದು, ಮುಂದಿನ ಅಚ್ಚು ಹಿಂದಿನ ಅಚ್ಚುಗಳ ಭಾರವನ್ನು ಬೇರೆ ಬೇರೆಯಾಗಿ ಮುದ್ರಿಸಿಕೊಡುತ್ತಾರೆ. ಪ್ರಯಾಣಕ್ಕೆ ಹೊರಡುವ ಸ್ಥಿತಿಯಲ್ಲಿ, ನೀರು, ಇಂಧನ, ಪಾತ್ರೆಪಗಡೆ, ಮನೆಮಂದಿ ಸಹಿತವಾಗಿ ತೂಗಿಸಿದಾಗ ಬರುವ ಅಂಕಿಯೇ ನಿಜವಾದ ಅಂಕಿ. ಹಿಂದಿನ ಅಚ್ಚಿನಾಚೆಗೆ ಚಾಚಿಕೊಂಡಿರುವ ಭಾಗದಲ್ಲಿ ಹೇರಿದ ಭಾರವು ಸನ್ನೆಗೋಲಿನ ನ್ಯಾಯಕ್ಕೆ ಅನುಸಾರವಾಗಿ ಮುಂದಿನ ಚಕ್ರಗಳನ್ನು ಮೇಲೆತ್ತುತ್ತದೆ ಎಂಬುದನ್ನು ಬಹುಮಂದಿ ಲಕ್ಷಿಸುವುದಿಲ್ಲ. ಎರಡು ಅಚ್ಚುಗಳ ನಡುವೆ 20 ಅಡಿಯೂ ಹಿಂದಿನ ಅಚ್ಚಿನಿಂದ ಬಾಲದ ತುದಿಗೆ 10 ಅಡಿಯೂ ಇರುವ ವಾಹನದ ತುದಿಯಲ್ಲಿ 200 ಕಿಲೋ ತೂಕದ ದ್ವಿಚಕ್ರವಾಹನವೊಂದನ್ನು ತೂಗುಹಾಕಿದರೆ ಮುಂದಿನ ಅಚ್ಚು 100 ಕಿಲೋ ಹಗುರವಾಗುತ್ತದೆ, ಹಿಂದಿನದರ ಮೇಲೆ 300 ಕಿಲೋ ಬೀಳುತ್ತದೆ. ದಾರಿ ತೋರಿಸಬೇಕಾದ ಚಕ್ರಗಳೇ ನೆಲವನ್ನು ಸಡಿಲವಾಗಿ ಹಿಡಿದರೆ ವಾಹನವು ನೇರವಾಗಿ ಹೋಗುವುದಾದರೂ ಹೇಗೆ? ಭಾರವಾದ ಪೆಟ್ಟಿಗೆಗಳನ್ನು ಹಿಂದಿನಿಂದ ತೆಗೆದು ಅಚ್ಚುಗಳ ನಡುವಣ ಗೂಡುಗಳಿಗೆ ಸಾಗಿಸುವುದು ಖರ್ಚಿಲ್ಲದ ಉಪಕಾರ.

ತೂಕ ತಿಳಿದ ಮೇಲೆ ಟೈರಿನ ಗಾಳಿ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಯನ್ನೇ ಆದರ್ಶವೆಂದು ಭಾವಿಸಿ ಅಷ್ಟನ್ನೂ ತುಂಬಿಸುವ ವಾಡಿಕೆ ವ್ಯಾಪಕವಾಗಿದೆ. ಆದರೆ ಅದು ಆ ಟೈರು ತನ್ನ ಗರಿಷ್ಠ ಭಾರವನ್ನು ಹೊರಲು ಬೇಕಾದ ಒತ್ತಡವೇ ಹೊರತು ಪ್ರತಿಯೊಂದು ವಾಹನಕ್ಕೂ ಸಲ್ಲುವ ವಿಧಿಯಲ್ಲ. ಹೊರುವ ಭಾರಕ್ಕೆ ಮೀರಿ ಗಾಳಿ ತುಂಬಿದ ಟೈರು ನಡುವೆ ಉಬ್ಬಿ, ನೆಲಕ್ಕೆ ತಾಕುವ ತನ್ನ ಹರವನ್ನು ಕುಗ್ಗಿಸಿಕೊಂಡು, ರಸ್ತೆಯ ಒಂದೊಂದು ಗೀರನ್ನೂ ಹಿಂಬಾಲಿಸುತ್ತದೆ. ಟೈರು ತಯಾರಕರು ಯಾವ ಭಾರಕ್ಕೆ ಎಷ್ಟು ಒತ್ತಡ ಎಂಬ ಕೋಷ್ಟಕಗಳನ್ನು ಪ್ರಕಟಿಸಿರುತ್ತಾರೆ. ಒಂದು ಅಚ್ಚಿನ ಎರಡು ಬದಿಗಳಲ್ಲಿ ಯಾವುದು ಹೆಚ್ಚು ಭಾರವಾಗಿದೆಯೋ ಅದಕ್ಕೆ ತಕ್ಕ ಒತ್ತಡವನ್ನು ಎರಡೂ ಬದಿಗಳಿಗೆ ಸಮನಾಗಿ ಇಡಬೇಕು, ಮತ್ತು ಅಳತೆಯನ್ನು ವಾಹನ ಓಡುವ ಮೊದಲು, ಟೈರು ತಣ್ಣಗಿರುವಾಗ ತೆಗೆದುಕೊಳ್ಳಬೇಕು. ಕೋಷ್ಟಕವು ಹೇಳಿದುದಕ್ಕಿಂತ ಕಡಿಮೆಗೆ ಇಳಿಯುವುದು ಮಾತ್ರ ಸರ್ವಥಾ ಕೂಡದು. ಗಾಳಿ ಕಡಿಮೆಯಾದ ಟೈರು ಪಕ್ಕಗಳಲ್ಲಿ ಮಡಿಚಿಕೊಂಡು, ಕಾದು, ಸಿಡಿಯುತ್ತದೆ. ಓಲಾಟದ ಬಗ್ಗೆ ದೂರುವವರಲ್ಲಿ ಅನೇಕರ ದೂರು ಇಷ್ಟಕ್ಕೇ ತೀರಿಹೋಗುವುದುಂಟು.

ಇನ್ನು ಈ ಲೇಖನದ ಮುಖ್ಯ ವಿಷಯವಾದ ಸ್ವೇ ಬಾರಿಗೆ ಬರೋಣ. 1919ರಲ್ಲಿ ಕೆನಡಾದ ಸ್ಟೀಫನ್ ಕೋಲ್ಮನ್ ಎಂಬಾತನಿಗೆ ಪೇಟೆಂಟ್ ದೊರೆತ ಉಪಾಯದ ಸಂತತಿಯಿದು. ಇಷ್ಟು ಸರಳವಾಗಿದ್ದು ಇಷ್ಟು ಕೆಲಸಕ್ಕೆ ಬರುವ ಭಾಗ ವಾಹನದಲ್ಲಿ ಬೇರೊಂದಿರುವುದು ಅಪರೂಪ. ವಾಹನದ ಅಡಿಯಲ್ಲಿ ಅಡ್ಡಲಾಗಿ ಮಲಗಿರುವ ದಪ್ಪನೆಯ ಉಕ್ಕಿನ ಸಲಾಕೆ. ಅದರ ಎರಡು ಕೊನೆಗಳೂ ಒಂದೇ ಕಡೆಗೆ ಬಾಗಿ ತೋಳುಗಳಾಗಿವೆ. ಪ್ರತಿ ತೋಳಿನ ತುದಿಯನ್ನೂ ಚಿಕ್ಕದೊಂದು ಲಿಂಕು ಹಿಡಿದಿರುತ್ತದೆ. ಸಲಾಕೆಯ ನಡುಭಾಗ ಅಚ್ಚಿಗೆ ಬಿಗಿದಿದ್ದರೆ ಲಿಂಕುಗಳು ಚೌಕಟ್ಟಿಗೆ ಸೇರುತ್ತವೆ. ನಡುಭಾಗ ಚೌಕಟ್ಟಿಗಿದ್ದರೆ ಲಿಂಕುಗಳು ಅಚ್ಚಿಗೆ. ಎರಡು ಚಕ್ರಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಸಲಾಕೆಯು ತನ್ನ ಬುಶ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ, ಯಾವ ವಿರೋಧವನ್ನೂ ತೋರದು. ಒಡಲು ವಾಲಿ, ಒಂದು ತೋಳು ಮೇಲಕ್ಕೂ ಮತ್ತೊಂದು ಕೆಳಕ್ಕೂ ಹೋಗತೊಡಗಿದಾಗಲಾದರೋ ಸಲಾಕೆಯು ತಿರುಚಿಕೊಳ್ಳಬೇಕಾಗುತ್ತದೆ. ಉಕ್ಕು ತಿರುಚಿಗೆ ಒಪ್ಪದೆ ಹಿಂದಕ್ಕೆ ಒತ್ತುತ್ತದೆ. ಆ ಒತ್ತೇ ಒಡಲನ್ನು ನೆಟ್ಟಗೆ ನಿಲ್ಲಿಸುವ ಶಕ್ತಿ.

ಎಫ್-53 ಚಾಸಿಯ ಅಡಿಗೆ ಟಾರ್ಚು ಹಿಡಿದು ನೋಡಿದವರಿಗೆ, ಹಲವು ವರ್ಷಗಳ ಮಾದರಿಗಳಲ್ಲಿ, ಈ ತೋಳಿನ ಚಪ್ಪಟೆಯಾದ ತುದಿಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ರಂಧ್ರಗಳು ಕಾಣಿಸುತ್ತವೆ. ಹೊರಗಿನದರಲ್ಲಿ ಲಿಂಕಿನ ಬೋಲ್ಟು ಕುಳಿತಿದೆ. ಒಳಗಿನದು ಧೂಳು ತುಂಬಿಕೊಂಡು ಖಾಲಿಯಾಗಿದೆ. ಕಾರ್ಖಾನೆಯು ಹೊರರಂಧ್ರವನ್ನು ಆರಿಸಿದುದು ಮೃದುವಾದ ಸವಾರಿಗಾಗಿ. ಬೋಲ್ಟನ್ನು ತೆಗೆದು ಒಳರಂಧ್ರಕ್ಕೆ ಸೇರಿಸಿದರೆ ತೋಳು ಗಿಡ್ಡವಾಗುತ್ತದೆ, ತೋಳು ಗಿಡ್ಡವಾದಷ್ಟೂ ಸಲಾಕೆ ಬಿರುಸಾಗುತ್ತದೆ. ಅದೂ ಸಾಧಾರಣವಾದ ಪ್ರಮಾಣದಲ್ಲಲ್ಲ: ಅದೇ ಬಲವು ಗಿಡ್ಡ ತೋಳಿನಿಂದ ಕಡಿಮೆ ತಿರುಚನ್ನು ಉಂಟುಮಾಡುತ್ತದೆ, ಆ ಕಡಿಮೆ ತಿರುಚಿನಿಂದ ತೋಳಿನ ತುದಿ ಸರಿಯುವ ದೂರವೂ ಕಡಿಮೆ, ಹೀಗೆ ತೋಳಿನ ಉದ್ದವು ಲೆಕ್ಕದಲ್ಲಿ ಎರಡು ಸಲ ಪ್ರವೇಶಿಸುವುದರಿಂದ, ಉದ್ದದಲ್ಲಿ ಹತ್ತನೆಯ ಒಂದು ಪಾಲು ಕಳೆದರೆ ಬಿರುಸು ಸುಮಾರು ನಾಲ್ಕನೆಯ ಒಂದು ಪಾಲು ಹೆಚ್ಚುತ್ತದೆ. ತೋಳಿನ ಬಾಗು, ಬುಶ್‌ಗಳ ಮೆತು ಇವು ಈ ಲಾಭದಲ್ಲಿ ಸ್ವಲ್ಪವನ್ನು ಕಬಳಿಸುವುದು ನಿಜ. ಆದರೂ ಕಾಸಿಲ್ಲದೆ ಬಂದ ಲಾಭವಾಗಿ ಅದು ಸಾಮಾನ್ಯವಾದುದಲ್ಲ. ಅಲ್ಲಿನ ಮಾಲೀಕರು ಇದನ್ನು ‘ಚೀಪ್ ಹ್ಯಾಂಡ್ಲಿಂಗ್ ಫಿಕ್ಸ್’ ಎಂದೇ ಕರೆಯುತ್ತಾರೆ.

ಕೆಲಸ ಮಾಡುವ ಕ್ರಮವು ಸುಲಭವಾದರೂ ಅವಸರಕ್ಕೆ ಎಡೆಯಿಲ್ಲದುದು. ವಾಹನವು ಸಮತಟ್ಟಾದ ಗಟ್ಟಿ ನೆಲದ ಮೇಲೆ ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಹಾಗೆ ನಿಂತಾಗ ಸಲಾಕೆಯಲ್ಲಿ ತಿರುಚು ಇರುವುದಿಲ್ಲವಾದ್ದರಿಂದ ಬೋಲ್ಟು ಸರಾಗವಾಗಿ ಹೊರಬರುತ್ತದೆ. ಒಂದು ಬದಿಯನ್ನು ಎತ್ತಿದ್ದರೆ ಬಿಗಿತದಲ್ಲಿರುವ ತೋಳು ಬಿಡುಗಡೆಯಾದ ಕ್ಷಣದಲ್ಲಿ ಕೈಗೆ ಬಡಿಯಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳ ಹಿಂದುಮುಂದಕ್ಕೆ ಅಡೆಗಳನ್ನಿಟ್ಟು, ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರುವುದು ಒಳ್ಳೆಯದು. ಬಿಡಾರದಲ್ಲಿ ವಾಹನವನ್ನು ಸಮಮಾಡಿ ನಿಲ್ಲಿಸಲೆಂದು ಕೊಟ್ಟಿರುವ ಲೆವೆಲಿಂಗ್ ಜಾಕುಗಳ ಆಧಾರದ ಮೇಲೆ ಎತ್ತಿಟ್ಟ ಮೋಟರ್‌ಹೋಮಿನ ಅಡಿಗೆ ಯಾರೂ ಎಂದಿಗೂ ನುಸುಳಬಾರದು. ಅವು ಆ ಕೆಲಸಕ್ಕೆ ಮಾಡಿದವಲ್ಲ, ಅವುಗಳಲ್ಲಿ ಒಂದು ಕುಸಿದರೆ ಕೆಳಗಿರುವ ಮನುಷ್ಯನಿಗೆ ಉಳಿಗಾಲವಿಲ್ಲ. ಹೊಸ ಲಾಕ್‌ನಟ್ಟುಗಳನ್ನು ಹಾಕಿ, ಕೈಪಿಡಿಯು ಹೇಳುವ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿದು, ಓರೆಯಾದ ಲಿಂಕು ಬ್ರೇಕಿನ ಹೋಸಿಗಾಗಲಿ ಶಾಕ್ ಅಬ್ಸಾರ್ಬರಿಗಾಗಲಿ ತಾಕದೆಂದು ಖಚಿತಮಾಡಿಕೊಂಡು, ಒಂದೆರಡು ನೂರು ಮೈಲಿ ಓಡಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಮುಂದಿನ ಮತ್ತು ಹಿಂದಿನ ಸಲಾಕೆಗಳೆರಡನ್ನೂ ಒಟ್ಟಿಗೆ ತಿದ್ದುವುದು ಯುಕ್ತವೆಂದು ನನ್ನ ಅಭಿಪ್ರಾಯ. ಮುಂದಿನದೊಂದೇ ಬಿರುಸಾದರೆ ತಿರುವಿನಲ್ಲಿ ವಾಹನವು ತಿರುಗಲು ಮನಸ್ಸಿಲ್ಲದಂತೆ ಹೊರಕ್ಕೆ ಹೋಗುತ್ತದೆ. ಹಿಂದಿನದೊಂದೇ ಬಿರುಸಾದರೆ ಬಾಲವು ಹಿಡಿತ ತಪ್ಪುವ ಸಂಭವ ಹೆಚ್ಚುತ್ತದೆ, ಮಳೆಯಲ್ಲಿ ಅದು ಅಪಾಯಕರ. ಈ ತಿದ್ದುಪಡಿಗೆ ತೆರಬೇಕಾದ ಬೆಲೆಯೂ ಒಂದುಂಟು: ಒಂದೇ ಚಕ್ರ ಗುಂಡಿಗೆ ಬಿದ್ದಾಗ ಅದರ ಕುಲುಕು ಮೊದಲಿಗಿಂತ ತುಸು ಹೆಚ್ಚಾಗಿ ಒಳಕ್ಕೆ ಬರುತ್ತದೆ. ಕೆಲವು ಮಾದರಿಗಳಲ್ಲಿ ಇರುವುದೇ ಒಂದು ರಂಧ್ರ. ಅಂಥ ತೋಳಿನಲ್ಲಿ ತಾನೇ ಡ್ರಿಲ್ ಹಿಡಿದು ಎರಡನೆಯದನ್ನು ಕೊರೆಯುವ ಸಾಹಸವನ್ನು ಯಾರೂ ಮಾಡಬಾರದು, ಹದಗೊಳಿಸಿದ ಉಕ್ಕು ಆ ಗಾಯದಿಂದಲೇ ಬಿರುಕುಬಿಡುತ್ತದೆ.

ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದರೆ ವಾಲುವಿಕೆ ನಿಲ್ಲುತ್ತದೆಂದು ನಂಬಿ ಹಣ ಕಳೆದುಕೊಳ್ಳುವವರನ್ನು ಕಂಡರೆ ಮರುಕವಾಗುತ್ತದೆ. ಅವು ಚಲನೆಯ ವೇಗವನ್ನು ತಗ್ಗಿಸುತ್ತವೆಯೇ ಹೊರತು ಉದ್ದವಾದ ತಿರುವಿನಲ್ಲಿ ಒಡಲನ್ನು ಎತ್ತಿ ಹಿಡಿಯಲಾರವು. ಸ್ಟೀರಿಂಗಿಗೆ ಜೋಡಿಸುವ ಡ್ಯಾಂಪರು ಕೈಗೆ ಬರುವ ಅದಿರಾಟವನ್ನು ತಡೆಯುತ್ತದೆ, ಆದರೆ ಅಲೆದಾಟದ ಮೂಲವನ್ನು ಮುಟ್ಟುವುದಿಲ್ಲ. ಹಿಂದಿನ ಅಚ್ಚು ಒಡಲಿನ ಕೆಳಗೆ ಅಡ್ಡಡ್ಡವಾಗಿ ಜಾರದಂತೆ ತಡೆಯುವ ಪ್ಯಾನ್ಹಾರ್ಡ್ ರಾಡ್ ಮಾತ್ರ, ಬಾಲ ಹಿಡಿದು ಯಾರೋ ಎಳೆದಂತಾಗುವ ಅನುಭವವುಳ್ಳವರಿಗೆ, ಕೊಟ್ಟ ಹಣಕ್ಕೆ ಬೆಲೆಯುಳ್ಳ ವಸ್ತು. ಅದಕ್ಕೂ ಮೊದಲು ವಾಹನವನ್ನು ಪೂರ್ಣ ಭಾರದೊಡನೆ ಲಾರಿಗಳ ಅಲೈನ್‌ಮೆಂಟ್ ಮಾಡುವ ಅಂಗಡಿಗೆ ಒಯ್ಯಬೇಕು. ಖಾಲಿ ಚಾಸಿಯಾಗಿದ್ದಾಗ ಕಾರ್ಖಾನೆಯಲ್ಲಿ ಮಾಡಿದ ಅಲೈನ್‌ಮೆಂಟು, ಮೇಲೆ ಮನೆ ಕೂತ ಮೇಲೆ ಉಳಿದಿರುತ್ತದೆಂಬ ಭರವಸೆಯಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು, ಊರಿನಿಂದ ತಂದೆತಾಯಿಗಳು ಬಂದಾಗ, ಯೆಲ್ಲೋಸ್ಟೋನಿಗೋ ಗ್ರ್ಯಾಂಡ್ ಕ್ಯಾನ್ಯನ್ನಿಗೋ ಹೋಗಲು ಇಂಥ ವಾಹನವನ್ನು ಬಾಡಿಗೆಗೆ ಹಿಡಿಯುವುದುಂಟು. ಬಾಡಿಗೆಯ ವಾಹನದ ಬೋಲ್ಟುಗಳಿಗೆ ಕೈಹಾಕುವ ಹಕ್ಕು ಅವರಿಗಿಲ್ಲ. ಆದರೆ ಭಾರವಾದ ಸಾಮಾನನ್ನು ಬಾಲದಲ್ಲಿ ತುಂಬದಿರುವ, ಗಾಳಿಯ ದಿನ ವೇಗವನ್ನು ತಗ್ಗಿಸುವ, ಟ್ರಕ್ಕು ಪಕ್ಕಕ್ಕೆ ಬರುವ ಮೊದಲೇ ಬಲದ ಅಂಚಿನ ಕಡೆಗೆ ತುಸು ಸರಿದುಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಅಂಥವರಲ್ಲಿ ನನ್ನ ವಿನಂತಿ ಇಷ್ಟೆ: ಒಂದು ಗಾಳಿಮಾಪಕವನ್ನು ಜೊತೆಗಿಟ್ಟುಕೊಳ್ಳಿ, ಹೊರಡುವ ದಿನ ಬೆಳಗ್ಗೆ, ಎಂಜಿನ್ ಚಾಲೂ ಮಾಡುವುದಕ್ಕೆ ಮೊದಲು, ಚಾಲಕನ ಬಾಗಿಲ ಬಳಿಯ ಫಲಕದಲ್ಲಿರುವ ಅಂಕಿಗೆ ಆರು ಟೈರುಗಳನ್ನೂ ಹೋಲಿಸಿ ನೋಡಿ, ಹಿಂದಿನ ಜೋಡಿಗಳಲ್ಲಿ ಒಳಗಡೆ ಇರುವ ಟೈರು ಕೈಗೆ ಎಟಕುವುದು ಕಷ್ಟವೆಂದು ಅದನ್ನು ಬಿಟ್ಟುಬಿಡಬೇಡಿ.